ಪ್ಲೇಟು ಓಡಿದರೆ ಗಾಯಕರ ತಪ್ಪೆ?

"ಹಿಂದಿನವರು ಏರಿದ ಶ್ರುತಿಯಲ್ಲಿ ಅವಸರದಿಂದ ಹಾಡಿ ಮುಗಿಸುತ್ತಿದ್ದರು, ಅವರಲ್ಲಿ ವಿಶ್ರಾಂತಿಯೂ ಇಲ್ಲ, ರಸವೂ ಇಲ್ಲ" ಎಂಬ ಮಾತು ಈಚೆಗೆ ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಮನೆಗಳಲ್ಲಿಯೂ ಕೇಳಿಬರುತ್ತಿದೆ. ಇದಕ್ಕೆ ಸಾಕ್ಷಿಯೇನೆಂದರೆ, ಫೋನಿನಲ್ಲಿ ದೊರೆತ ಹಳೆಯ ಗ್ರಾಮಫೋನು ಪ್ಲೇಟಿನ ಪ್ರತಿಯೊಂದನ್ನು ಮುಂದಿಡುತ್ತಾರೆ. ತೀರ್ಪಿಗೆ ಮುಂಚೆ ಸಾಕ್ಷಿಯನ್ನು ಪರೀಕ್ಷಿಸುವುದು ನ್ಯಾಯವಲ್ಲವೆ?

ನಿಮಿಷಕ್ಕೆ 78 ಸುತ್ತು ಎಂಬ ಕಟ್ಟಳೆಯು ನೆಲೆಗೊಂಡದ್ದು ಸುಮಾರು 1925ರಿಂದೀಚೆಗೆ. ಅದಕ್ಕೂ ಹಿಂದಿನ ಪ್ಲೇಟುಗಳ ವೇಗವು ಒಂದೊಂದು ಬಗೆಯಾಗಿತ್ತು. ನಿಮಿಷಕ್ಕೆ ಸುಮಾರು 73½ ಸುತ್ತಿನಲ್ಲಿ ಮುದ್ರಿಸಿದುದನ್ನು 78ರಲ್ಲಿ ತಿರುಗಿಸಿದರೆ ವೇಗವು ನೂರಕ್ಕೆ ಆರರಷ್ಟು ಹೆಚ್ಚುತ್ತದೆ. ಶ್ರುತಿಯು ಒಂದು ಸ್ವರಸ್ಥಾನದಷ್ಟು ಏರುತ್ತದೆ. ಕಾಲಪ್ರಮಾಣವು ಜತೆಯಲ್ಲಿಯೇ ಓಡುತ್ತದೆ. ಗಮಕವು ನಡುಕವಾಗುತ್ತದೆ, ಕಂಠವು ತೆಳುವಾಗುತ್ತದೆ, ಕರುಣರಸವು ಚಾಪಲ್ಯವಾಗುತ್ತದೆ. ಶ್ರುತಿ, ಕಾಲ, ಭಾವ ಎಂಬ ಮೂರು ದೋಷಗಳೆಂದು ನಾವು ಎಣಿಸಿದುದು ಯಂತ್ರದ ಒಂದೇ ದೋಷವು.

ಪಾಶ್ಚಾತ್ಯರಿಗೆ ಈ ಮೋಸವನ್ನು ಹಿಡಿಯುವುದು ಸುಲಭ. 1940ರ ದಶಕದ ಕೊನೆಯಲ್ಲಿ ನಮ್ಮ ಜಯಚಾಮರಾಜ ಒಡೆಯರು ರಷ್ಯದ ಮೆಟ್ನರನ ಕೃತಿಗಳನ್ನು ಲಂಡನ್ನಿನಲ್ಲಿ ಮುದ್ರಿಸುವುದಕ್ಕೆ ಧನಸಹಾಯ ಮಾಡಿದರಷ್ಟೆ. ಅವುಗಳ ಶ್ರುತಿಯು ಅಚ್ಚಾದ ಸ್ವರಲಿಪಿಯಲ್ಲಿಯೇ ಇರುವುದರಿಂದ ವೇಗ ತಪ್ಪಿದರೆ ಬಲ್ಲವರಿಗೆ ಒಡನೆಯೇ ತಿಳಿಯುತ್ತದೆ. ನಮ್ಮಲ್ಲಿಯಾದರೋ ಷಡ್ಜವು ಅವರವರ ಕಂಠಕ್ಕೆ ಒಪ್ಪಿದ್ದು. ಆದುದರಿಂದಲೇ ನಾವು ಹೆಚ್ಚು ಎಚ್ಚರಿಕೆಯಿಂದಿರಬೇಕು.

ಗೌಹರ್ ಜಾನರ ಉದಾಹರಣೆಯನ್ನು ನೋಡಿರಿ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿ ಮುದ್ರಿಸಿದ ಈ ವಿದುಷಿಯು 1928ರಲ್ಲಿ ಮೈಸೂರು ಆಸ್ಥಾನಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸಾರುವುದು ಅವರ ರೂಢಿ. ಆ ಮಾತು ಮನುಷ್ಯರ ಮಾತಿನಂತೆ ಕೇಳುವುದೋ, ಗಿಣಿಯ ಮಾತಿನಂತೆ ಕೇಳುವುದೋ ಎಂದು ಗಮನಿಸಿದರೆ ಸಾಕು, ಪ್ಲೇಟಿನ ವೇಗದ ಗುಟ್ಟು ಬಯಲಾಗುತ್ತದೆ.

ಧ್ವನಿವರ್ಧಕವಿಲ್ಲದ ಕಾಲದಲ್ಲಿ ಏರಿದ ಶ್ರುತಿಯು ಬೇಕಾಗುತ್ತಿದ್ದುದು ನಿಜ. ಅವಸರವೂ ಕೆಲವೆಡೆ ನಿಜವೇ. ಒಂದು ಮಗ್ಗುಲಿಗೆ ಮೂರೋ ನಾಲ್ಕೋ ನಿಮಿಷ ಮಾತ್ರ ಹಿಡಿಯುವ ಪ್ಲೇಟಿನಲ್ಲಿ ಆಲಾಪನೆಗೆ ಸ್ಥಳವೆಲ್ಲಿ? ಆದರೆ ಅದು ಪ್ಲೇಟಿನ ಅಳತೆಯೇ ಹೊರತು ಕಲಾವಿದರ ಅಳತೆಯಲ್ಲ. ವೀಣೆ ಶೇಷಣ್ಣನವರ (1852–1926) ಪರಂಪರೆಯ ವೀಣೆಯು ಹಜಾರದಲ್ಲಿ ಹತ್ತು ಮಂದಿ ಕುಳಿತು ನೆಮ್ಮದಿಯಿಂದ ಕೇಳತಕ್ಕ ನಾದವು. ಅಂಥ ಸಂಗೀತವನ್ನು ಮೂರು ನಿಮಿಷದ ಗಡುವಿನಿಂದ ಅಳೆಯಬಹುದೆ?

ಇದು ವೃಥಾ ಚರ್ಚೆಯಲ್ಲ. ಗುರುಗಳು ದೂರವಿರುವ ನಮ್ಮ ಊರುಗಳಲ್ಲಿ ಮಕ್ಕಳು ಇಂಥ ಪ್ರತಿಗಳನ್ನೇ ಕೇಳಿ ಕಲಿಯುತ್ತಿದ್ದಾರೆ. ಯಂತ್ರದ ನಡುಕವನ್ನೇ ಗಮಕವೆಂದು ಅಭ್ಯಾಸಮಾಡಿದ ಬೆರಳನ್ನು ತಿದ್ದುವುದು ಸುಲಭವಲ್ಲ. ಆದುದರಿಂದ ಹಳೆಯ ಪ್ಲೇಟುಗಳನ್ನು ಪ್ರತಿಮಾಡಿ ಹಂಚುವ ಮಹನೀಯರು ಯಾವ ವೇಗದಲ್ಲಿ ತಿರುಗಿಸಿದರೆಂಬುದನ್ನೂ, ಷಡ್ಜವು ಎಲ್ಲಿ ನಿಂತಿತೆಂಬುದನ್ನೂ ಜತೆಗೆ ಬರೆಯಲಿ. ಅಷ್ಟು ಶ್ರಮವನ್ನು ವಹಿಸಲಾರದವರು ಹಿರಿಯರ ಹೆಸರನ್ನು ಅದಕ್ಕೆ ಅಂಟಿಸದಿರಲಿ. ಕೇಳುವ ನಾವೂ, ಸತ್ತವರು ಎದ್ದು ಬಂದು ಸಮಾಧಾನ ಹೇಳಲಾರರೆಂಬುದನ್ನು ನೆನೆದು, ನಾಲಗೆಯನ್ನು ಕೊಂಚ ಬಿಗಿಹಿಡಿಯೋಣ.