ಸುಣ್ಣದ ಸನ್ನೆ

ಕ್ಯಾಲ್ಸಿಯಂ ಎಂದೊಡನೆ ಗೃಹಿಣಿಯರಿಗೆ ಹಾಲು, ರಾಗಿ, ಎಳ್ಳು ನೆನಪಾಗುವುವು. ಚಿಕ್ಕೋಡಿ, ಅಥಣಿ ಕಡೆಯ ಅಜ್ಜಿಯರಿಗೋ, ಎಲೆಯಡಿಕೆಯ ಸುಣ್ಣ. ಅಜ್ಜಿಯರ ಎಣಿಕೆ ತಪ್ಪಲ್ಲ. 1808ರಲ್ಲಿ ಹಂಫ್ರಿ ಡೇವಿ ಈ ಧಾತುವನ್ನು ಬೇರ್ಪಡಿಸಿದಾಗ, ಸುಣ್ಣದ ಲ್ಯಾಟಿನ್ ಹೆಸರಿನಿಂದಲೇ ಅದಕ್ಕೆ ನಾಮಕರಣವಾಯಿತು. ಎಲುಬು, ಹಲ್ಲುಗಳನ್ನು ಗಟ್ಟಿಮಾಡುವುದಷ್ಟೇ ಅದರ ಕೆಲಸವೆಂದು ನಾವು ತಿಳಿದಿದ್ದೇವೆ. ಆದರೆ ‘ಬೆಳೆ’, ‘ಮಾಗು’, ‘ನಿಲ್ಲು’ ಎಂದು ಜೀವಕೋಶಗಳಿಗೆ ಸನ್ನೆ ಮಾಡುವ ದೂತನೂ ಅದೇ. ಆ ಸನ್ನೆ ಕೆಟ್ಟರೆ ಏನಾಗುವುದೆಂಬುದಕ್ಕೆ ಗರ್ಭಕಂಠದ, ಎಂದರೆ ಗರ್ಭಕೋಶದ ಕೊರಳಿನ, ಕ್ಯಾನ್ಸರು ಒಂದು ನಿದರ್ಶನ.

ಈ ದೂತನ ಸುಳಿವು ಮೊದಲು ಸಿಕ್ಕಿದ್ದು 1883ರಲ್ಲಿ, ಲಂಡನ್ನಿನ ವೈದ್ಯ ಸಿಡ್ನಿ ರಿಂಗರರಿಗೆ. ನಲ್ಲಿಯ ನೀರಿನಲ್ಲಿ ಉಪ್ಪು ಕರಗಿಸಿ ಅದರಲ್ಲಿ ಕಪ್ಪೆಯ ಗುಂಡಿಗೆಯನ್ನಿಟ್ಟರೆ ಅದು ಬಡಿಯುತ್ತಿತ್ತು. ಭಟ್ಟಿಯಿಳಿಸಿದ ನೀರಾದರೆ ಬೇಗನೆ ಸೋಲುತ್ತಿತ್ತು. ನಲ್ಲಿಯ ನೀರಿನಲ್ಲಿದ್ದ ಕ್ಯಾಲ್ಸಿಯಮ್ಮೇ ಆ ಬಡಿತದ ಗುಟ್ಟು.

ಹಿಪ್ಪರಗಿ ಬ್ಯಾರೇಜಿನಲ್ಲಿ ಕೃಷ್ಣೆ ತಡೆದು ನಿಲ್ಲುವುದನ್ನು ಅಥಣಿ, ರಾಯಬಾಗದವರು ಕಂಡಿದ್ದಾರೆ. ಜೀವಕೋಶದ ಗೋಡೆಯೂ ಹಾಗೆಯೇ. ಹೊರಗೆ ಕ್ಯಾಲ್ಸಿಯಂ ಒಳಗಿನದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು. ಬಾಗಿಲು ಕ್ಷಣಮಾತ್ರ ತೆರೆದರೂ ಒಳಗೆ ಅಲೆ ಎದ್ದು, ಕೋಶಕ್ಕೆ ಆಜ್ಞೆ ಮುಟ್ಟುತ್ತದೆ. ಗರ್ಭಕಂಠದ ಒಳಪದರದಲ್ಲಿ ತಳದ ಕೋಶಗಳು ಹೆಚ್ಚುತ್ತ, ಮೇಲೇರಿ ಮಾಗಿ ಉದುರಿಹೋಗುತ್ತವೆ. ಮಾಗಲು ಸಿಗುವ ಸನ್ನೆಗಳಲ್ಲಿ ಕ್ಯಾಲ್ಸಿಯಮ್ಮಿನದೂ ಒಂದು.

ಇಲ್ಲಿಗೆ ಪ್ಯಾಪಿಲೋಮಾ ವೈರಸ್ ಬಂದು ನೆಲೆಯೂರಿದರೆ ಕೋಶದ ಕಾವಲುಗಾರರನ್ನು ನಿಷ್ಕ್ರಿಯಗೊಳಿಸುತ್ತದೆ. ಕೋಶ ಮಾಗುವುದನ್ನು ಮರೆತು ಹೆಚ್ಚುತ್ತಲೇ ಹೋಗುತ್ತದೆ. ಈ ಕ್ಯಾನ್ಸರಿನ ಮೂಲ ಈ ವೈರಸ್ಸೆಂದು ತೋರಿದ ಜರ್ಮನಿಯ ಹರಾಲ್ಡ್ ಜೂರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. 2011ರಲ್ಲಿ ತೈವಾನಿನ ವಿಜ್ಞಾನಿಗಳು ಮತ್ತೊಂದು ಸಂಗತಿ ಕಂಡರು: ಕ್ಯಾಲ್ಸಿಯಂ ಬಾಗಿಲುಗಳನ್ನು ತೆರೆಯಿಸುವ ‘ಸ್ಟಿಮ್-1’ ಎಂಬ ಪ್ರೋಟೀನು ಈ ಗೆಡ್ಡೆಗಳಲ್ಲಿ ಅತಿಯಾಗಿತ್ತು, ಇಲಿಗಳಲ್ಲಿ ಅದನ್ನು ಅಡಗಿಸಿದಾಗ ಗೆಡ್ಡೆಯ ಬೆಳವಣಿಗೆ ಕುಗ್ಗಿತು.

ಹಾಗೆಂದು ಯಾರೂ ಹಾಲು ಬಿಡಬೇಕಾಗಿಲ್ಲ, ಕ್ಯಾಲ್ಸಿಯಂ ಗುಳಿಗೆಯನ್ನು ಮದ್ದೆಂದು ನುಂಗಬೇಕಾಗಿಯೂ ಇಲ್ಲ. ಕೆಟ್ಟಿರುವುದು ಬಾಗಿಲೇ ಹೊರತು ಊಟವಲ್ಲ. ಬಿಡಬೇಕಾದುದು ಹೊಗೆಯನ್ನು. ನಿಪ್ಪಾಣಿಯ ಪೇಟೆಗೆ ಹೆಸರು ತಂದ ತಂಬಾಕು ಹೊಗೆಯಾಗಿ ಒಳಹೊಕ್ಕಾಗ, ಅದರ ನಿಕೋಟಿನ್ ಗರ್ಭಕಂಠದ ಲೋಳೆಯವರೆಗೂ ಮುಟ್ಟುತ್ತದೆ. ಸೇದುವ ಹೆಂಗಸರಿಗೆ ಈ ರೋಗದ ಭಯ ಹೆಚ್ಚು.

ಒಂದು ಸಮಾಧಾನವುಂಟು. ವೈರಸ್ ಹೊಕ್ಕವರಲ್ಲಿ ಹೆಚ್ಚಿನವರ ದೇಹ ಒಂದೆರಡು ವರ್ಷಗಳಲ್ಲಿ ಅದನ್ನು ತಾನೇ ಹೊರದೂಡುತ್ತದೆ. ಉಳಿದವರಲ್ಲಿಯೂ ಕ್ಯಾನ್ಸರಾಗಲು ಸಾಮಾನ್ಯವಾಗಿ ಹತ್ತು-ಹದಿನೈದು ವರ್ಷ ಬೇಕು. ಇಷ್ಟು ಬಿಡುವು ಕೊಡುವ ಶತ್ರು ಅಪರೂಪ. ಗಡಿಯಾಚೆಯ, ಆಗ ಉಸ್ಮಾನಾಬಾದ್ ಎಂಬ ಹೆಸರಿದ್ದ ಜಿಲ್ಲೆಯಲ್ಲಿ 1,31,746 ಮಹಿಳೆಯರನ್ನೊಳಗೊಂಡ ಅಧ್ಯಯನದ ಫಲ 2009ರಲ್ಲಿ ಪ್ರಕಟವಾಯಿತು: ಒಮ್ಮೆ ವೈರಸ್ ಪರೀಕ್ಷೆ ನಡೆಸಿ, ದೋಷ ಕಂಡವರಿಗೆ ಚಿಕಿತ್ಸೆ ನೀಡಿದ ಗುಂಪಿನಲ್ಲಿ ಈ ರೋಗದ ಸಾವುಗಳು ಸುಮಾರು ಅರ್ಧಕ್ಕಿಳಿದವು. ಇನ್ನೂ ಸರಳವಾದ ಪರೀಕ್ಷೆಯೂ ಇದೆ. ತೆಳುವಾದ ವಿನೆಗರ್ ಆಮ್ಲವನ್ನು ಸವರಿ ನಿಮಿಷ ಕಾದರೆ ದೋಷವುಳ್ಳ ಭಾಗ ಬೆಳ್ಳಗಾಗುತ್ತದೆ. ಮೂವತ್ತು ದಾಟಿದ ಸ್ತ್ರೀಯರಿಗೆ ಐದು ವರ್ಷಕ್ಕೊಮ್ಮೆ ಇದನ್ನು ಮಾಡಬೇಕೆಂದು 2016ರ ಕೇಂದ್ರ ಸರಕಾರದ ಮಾರ್ಗಸೂಚಿ ಹೇಳುತ್ತದೆ. ಹೆಣ್ಣುಮಕ್ಕಳಿಗೆ ಎಳೆಯ ಪ್ರಾಯದಲ್ಲಿ ಹಾಕಿಸುವ ಲಸಿಕೆ ವೈರಸ್ಸನ್ನು ಬಾಗಿಲಲ್ಲೇ ತಡೆಯುತ್ತದೆ. ನಿಪ್ಪಾಣಿಯ ಹೆದ್ದಾರಿ ಹಿಡಿದರೆ ಸಿಗುವ ಪುಣೆಯಲ್ಲಿಯೇ ತಯಾರಾದ ಲಸಿಕೆಗೆ 2022ರಲ್ಲಿ ಒಪ್ಪಿಗೆ ದೊರೆತಿದೆ.

ಸೋದರಿಯರೇ, ಮುಟ್ಟು ನಿಂತ ಮೇಲೆ ಕಾಣುವ ರಕ್ತ, ಮುಟ್ಟಿನ ನಡುವೆ ಅಥವಾ ದಾಂಪತ್ಯದ ನಂತರ ಕಾಣುವ ರಕ್ತ, ದುರ್ವಾಸನೆಯ ಸ್ರಾವ — ಇವೂ ಸನ್ನೆಗಳೇ. ಇವನ್ನು ಸೆರಗಿನಲ್ಲಿ ಮುಚ್ಚಿಡುವುದು ಮರ್ಯಾದೆಯಲ್ಲ. ಬೆಳಗಾವಿಯೂ ಮೀರಜವೂ ದೂರವಿಲ್ಲ. ವರ್ಷಕ್ಕೊಮ್ಮೆ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಸಡಗರದಿಂದ ಹೊರಡುವ ಸಂಸಾರ, ಐದು ವರ್ಷಕ್ಕೊಮ್ಮೆ ಮನೆಯೊಡತಿಯ ಪರೀಕ್ಷೆಗೆಂದು ಒಂದು ಮುಂಜಾನೆಯನ್ನು ಎತ್ತಿಡಲಾರದೆ?