ಬಯಲಿಗೂ ಒಂದು ಚಿತ್ರ ಬೇಕು

ನಾಡಿನ ಯಾವುದೇ ಪ್ರಾಥಮಿಕ ಶಾಲೆಗೆ ಹೋಗಿ, ಮಕ್ಕಳ ಕೈಗೆ ಬಿಳಿಹಾಳೆಯನ್ನೂ ಕ್ರೇಯಾನುಗಳನ್ನೂ ಕೊಟ್ಟು, ಪ್ರಕೃತಿಯ ಚಿತ್ರ ಬರೆಯಿರೆಂದು ಹೇಳಿದರೆ ಬಹುಪಾಲು ಹಾಳೆಗಳಲ್ಲಿ ಮೂಡುವುದು ಒಂದೇ ಚಿತ್ರ. ತ್ರಿಕೋನಾಕಾರದ ಎರಡು ಗುಡ್ಡಗಳು, ಅವುಗಳ ನಡುವೆ ಹುಟ್ಟುವ ಸೂರ್ಯ, ಗುಡ್ಡದ ಸಂದಿನಿಂದ ಇಳಿದು ಬರುವ ನೀಲಿ ಹೊಳೆ, ದಡದಲ್ಲೊಂದು ಹೆಂಚಿನ ಮನೆ, ಪಕ್ಕದಲ್ಲಿ ತೆಂಗಿನ ಮರ, ಉಳಿದೆಡೆಯೆಲ್ಲ ಹಸಿರು. ಸಹ್ಯಾದ್ರಿಯ ಮಗು ಇದನ್ನು ಬರೆದರೆ ಆಶ್ಚರ್ಯವಿಲ್ಲ. ಆದರೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯಂತಹ ಊರಿನ ಮಗುವೂ ಇದನ್ನೇ ಬರೆಯುತ್ತದೆ ಎಂಬುದು ಯೋಚಿಸಬೇಕಾದ ಸಂಗತಿ.

ಏಕೆಂದರೆ ಆ ಮಗುವಿನ ಕಣ್ಣೆದುರು ಇರುವ ಲೋಕವೇ ಬೇರೆ. ಅಲ್ಲಿನ ಗುಡ್ಡಗಳು ತ್ರಿಕೋನಗಳಲ್ಲ. ಯಾರೋ ಆಡುತ್ತಾಡುತ್ತ ಒಂದರ ಮೇಲೊಂದು ಪೇರಿಸಿಟ್ಟಂತಿರುವ ದುಂಡು ಬಂಡೆಗಳ ರಾಶಿಗಳು. ಬಂಡೆಗಳ ಸಂದಿಯಲ್ಲಿ ಸೀತಾಫಲದ ಗಿಡ, ಅದರ ಹಣ್ಣಿಗಾಗಿ ಕಾಯುವ ಕರಡಿ. ಗುಡ್ಡದ ಕೆಳಗೆ ತಂಗಡಿ, ಬಂದರಿಕೆ, ಕಾರೆ, ಜಾಲಿ. ಅದರಾಚೆ ಶೇಂಗಾ ಹೊಲ, ಹೊಲದಾಚೆ ಕಣ್ಣು ಹರಿಯುವಷ್ಟು ದೂರ ಹುಲ್ಲು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಸೇರಿವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಸುರಿದರೆ, ಇಲ್ಲಿ 500 ಮಿಲಿಮೀಟರಿನ ಆಸುಪಾಸು ಬಿದ್ದರೆ ಒಳ್ಳೆಯ ವರ್ಷ. ಆ ಹುಲ್ಲು ಹಸಿರಾಗಿರುವುದು ಮುಂಗಾರು ಹಿಂಗಾರುಗಳ ಕೆಲವೇ ತಿಂಗಳು. ಉಳಿದ ಕಾಲವೆಲ್ಲ ಅದರ ಬಣ್ಣ ಹೊನ್ನು, ಕಂದು, ಬೂದಿ. ಅಷ್ಟು ಬಣ್ಣಗಳನ್ನು ದಿನವೂ ನೋಡುವ ಮಗು ಹಾಳೆಯ ಮುಂದೆ ಕುಳಿತಾಗ ಹಸಿರು ಕ್ರೇಯಾನನ್ನಷ್ಟೇ ಹುಡುಕುವುದೇಕೆ?

ಉತ್ತರ ಸರಳವಾಗಿದೆ. ಮಗು ತಾನು ಕಂಡದ್ದನ್ನು ಬರೆಯುವುದಕ್ಕಿಂತ ಹೆಚ್ಚಾಗಿ, ಚಿತ್ರವೆಂದರೆ ಹೀಗಿರಬೇಕೆಂದು ತಾನು ಕಲಿತದ್ದನ್ನು ಬರೆಯುತ್ತದೆ. ಕಲಿತದ್ದು ಪಠ್ಯಪುಸ್ತಕದಿಂದ, ಗೋಡೆಯ ಮೇಲಿನ ಪಟದಿಂದ, ಅಪರೂಪಕ್ಕೆ ಕೈಗೆ ಸಿಗುವ ಬಣ್ಣದ ಕಥೆಪುಸ್ತಕದಿಂದ. ಆ ಪುಸ್ತಕಗಳಲ್ಲಿ ಕಾಡೆಂದರೆ ದಟ್ಟ ಹಸಿರು, ಪ್ರಾಣಿಯೆಂದರೆ ಹುಲಿ ಆನೆ, ಹಕ್ಕಿಯೆಂದರೆ ಗಿಳಿ ನವಿಲು. ತನ್ನ ಊರು ಯಾವ ಪುಟದಲ್ಲೂ ಕಾಣಿಸದಿದ್ದಾಗ ಮಗು ಸದ್ದಿಲ್ಲದೆ ಒಂದು ತೀರ್ಮಾನಕ್ಕೆ ಬರುತ್ತದೆ: ಪ್ರಕೃತಿ ಎಂಬುದು ಬೇರೆಲ್ಲೋ ಇರುವಂಥದ್ದು, ತನ್ನೂರಿನಲ್ಲಿರುವುದು ಬರೀ ಬಯಲು.

ಇದೇ ತೀರ್ಮಾನವನ್ನು ದೊಡ್ಡವರು ಕಡತಗಳಲ್ಲಿ ಬರೆದಾಗ ಏನಾಗುತ್ತದೆಂಬುದನ್ನು ಚಳ್ಳಕೆರೆ ಸೀಮೆ ಅನುಭವಿಸಿದೆ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಯಿಂದ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ರಾಸುಗಳಿಗಾಗಿ ಕಾದಿರಿಸಿದ ಕಾವಲುಗಳು ಅಲ್ಲಿದ್ದವು. ಆ ರಾಸುಗಳ ಜೊತೆಗೆ ಸುತ್ತಲ ಹಳ್ಳಿಗಳ ಕುರಿ, ಮೇಕೆ, ದನಗಳೂ ಆ ಹುಲ್ಲನ್ನೇ ನಂಬಿದ್ದವು. ಕುರಿಯ ಉಣ್ಣೆಯಿಂದ ಚಳ್ಳಕೆರೆಯ ಕಂಬಳಿ ಹೆಸರಾಯಿತು. ಕೃಷ್ಣಮೃಗಗಳು ಮೇಯುತ್ತಿದ್ದ, ಎರೆಭೂತವೆಂದು ಹಳ್ಳಿಗರು ಕರೆಯುವ ದೊಡ್ಡ ಹಕ್ಕಿ ಒಂದು ಕಾಲಕ್ಕೆ ಓಡಾಡುತ್ತಿದ್ದ ನೆಲವದು. ದೇಶದಲ್ಲೆಲ್ಲ ಸೇರಿ ಆ ಹಕ್ಕಿ ಇಂದು ಇನ್ನೂರಕ್ಕಿಂತ ಕಡಿಮೆ ಉಳಿದಿದೆ. 2009 ಮತ್ತು 2010ರ ಸುಮಾರಿನಲ್ಲಿ ಈ ಕಾವಲುಗಳ ಸಾವಿರಾರು ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಶೋಧನೆಯ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಉದ್ದಕ್ಕೆ ಗೋಡೆ ಎದ್ದಿತು. ಹಳ್ಳಿಗರೂ ಪರಿಸರ ಸಂಘಟನೆಗಳೂ ಹಸಿರು ನ್ಯಾಯಮಂಡಳಿಯವರೆಗೆ ಹೋದರು. ಸಂಶೋಧನೆ ಬೇಡವೆಂದು ಯಾರೂ ವಾದಿಸಲಿಲ್ಲ. ಆದರೆ ಅಷ್ಟು ದೊಡ್ಡ ನೆಲ ಅಷ್ಟು ಸುಲಭವಾಗಿ ಕೈಬದಲಾಯಿಸಲು ಸಾಧ್ಯವಾದದ್ದು, ಅಲ್ಲಿ ಏನೂ ಇಲ್ಲವೆಂಬ ನಂಬಿಕೆ ಮೊದಲೇ ಬೇರೂರಿದ್ದರಿಂದ. ದೇಶದ ಬಂಜರು ಭೂಮಿಯ ನಕಾಶೆಗಳಲ್ಲಿ ಕುರುಚಲು ಕಾಡಿಗೂ ಹುಲ್ಲುಗಾವಲಿಗೂ ಹಾಕಿದ ಬಣ್ಣ ಪಾಳು ನೆಲದ ಬಣ್ಣ. ನಕಾಶೆಯೂ ಒಂದು ಚಿತ್ರವೇ. ಚಿತ್ರದಲ್ಲಿ ಇಲ್ಲದ್ದನ್ನು ಕಳೆದುಕೊಂಡಾಗ ಅಳುವವರಿರುವುದಿಲ್ಲ.

ಇಲ್ಲಿ ಪರಿಸರ ಚಳವಳಿಯೂ ತನ್ನ ಮುಖವನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕಾಗಿದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿ ನಿಂತರು. ಆ ಅಪ್ಪುಗೆ ಚಳವಳಿಯ ಚಿತ್ರವಾಯಿತು. ಭಿತ್ತಿಪತ್ರಗಳಲ್ಲಿ, ಕರಪತ್ರಗಳಲ್ಲಿ, ಮಕ್ಕಳ ಪುಸ್ತಿಕೆಗಳಲ್ಲಿ ಮರವೇ ಪ್ರಕೃತಿಯ ಪ್ರತಿನಿಧಿಯಾಯಿತು. ಅದು ಆ ಹೊತ್ತಿನ ಅಗತ್ಯವಾಗಿತ್ತು. ಆದರೆ ಅದೇ ಚಿತ್ರವನ್ನು ಹೊತ್ತು ಬಯಲುಸೀಮೆಗೆ ಹೋದವರು ಹುಲ್ಲುಗಾವಲನ್ನು ಕಂಡೊಡನೆ ಗುಂಡಿ ತೋಡಲು ಹೊರಟರು. ಹುಲ್ಲಿನ ನೆಲದಲ್ಲಿ ಒತ್ತೊತ್ತಾಗಿ ಮರ ನೆಡುವುದೆಂದರೆ ಕೃಷ್ಣಮೃಗವನ್ನೂ ಎರೆಭೂತವನ್ನೂ ಹೊರಗಟ್ಟುವುದು. ದೂರದವರೆಗೆ ನೋಡಿ ಶತ್ರುವನ್ನು ಗುರುತಿಸಿ ಓಡುವ ಜೀವಿಗಳಿಗೆ ಬಯಲೇ ಕೋಟೆ. ಕುದುರೆಮುಖದ ಶೋಲಾ ಕಾಡಿನ ನಡುವಿನ ಹುಲ್ಲುಗುಡ್ಡಗಳನ್ನು ಬಲ್ಲ ಮಲೆನಾಡಿಗರಿಗೆ ಇದು ತಿಳಿಯದ ವಿಷಯವೇನಲ್ಲ. ಆದರೂ ಜೂನ್ 5 ಬಂದಾಗ ನಡೆಯುವ ಚಿತ್ರಸ್ಪರ್ಧೆಗಳಲ್ಲಿ ಬಹುಮಾನ ಹೋಗುವುದು ಹಸಿರು ಹೆಚ್ಚಿರುವ ಹಾಳೆಗೇ. ಬೂದುಬಣ್ಣದ ಬಂಡೆಯನ್ನೂ ಒಣಹುಲ್ಲನ್ನೂ ನಿಷ್ಠೆಯಿಂದ ಬರೆದ ಮಗುವಿಗೆ ‘ಇನ್ನಷ್ಟು ಗಿಡ ಹಾಕಬೇಕಿತ್ತು’ ಎಂಬ ಸಲಹೆ ಸಿಗುತ್ತದೆ.

ಮಕ್ಕಳ ಪುಸ್ತಕದ ಚಿತ್ರಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುವುದಕ್ಕೆ ಕಲಾವಿದರ ಸೋಮಾರಿತನವೊಂದೇ ಕಾರಣವಲ್ಲ. ಮುದ್ರಣದ ಲೆಕ್ಕಾಚಾರವೂ ಇದೆ. ಕನ್ನಡದಲ್ಲಿ ಮಕ್ಕಳಿಗೆ ಲೋಕವನ್ನು ಚಿತ್ರಸಹಿತ ತೋರಿಸುವ ದೊಡ್ಡ ಸಾಹಸವನ್ನು ಶಿವರಾಮ ಕಾರಂತರು 1936ರ ‘ಬಾಲಪ್ರಪಂಚ’ದ ಮೂರು ಸಂಪುಟಗಳಲ್ಲಿ ಮಾಡಿದರು. 1957ರಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ದೆಹಲಿಯಲ್ಲಿ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಕಟ್ಟಿದರು. ನ್ಯಾಷನಲ್ ಬುಕ್ ಟ್ರಸ್ಟ್ ತನ್ನ ನೆಹರು ಬಾಲ ಪುಸ್ತಕಾಲಯದ ಮೂಲಕ ಅಗ್ಗದ ಬಣ್ಣದ ಪುಸ್ತಕಗಳನ್ನು ಹಲವು ಭಾಷೆಗಳಲ್ಲಿ ಕೊಟ್ಟಿತು. ಬಣ್ಣದ ಮುದ್ರಣ ದುಬಾರಿ. ಆದ್ದರಿಂದ ಚಿತ್ರದ ಬಣ್ಣಗಳನ್ನೆಲ್ಲ ಒಟ್ಟಿಗೆ ಮುದ್ರಿಸಿ, ಅಕ್ಷರಗಳಿರುವ ಕಪ್ಪು ಫಲಕವೊಂದನ್ನೇ ಭಾಷೆಯಿಂದ ಭಾಷೆಗೆ ಬದಲಿಸುವುದು ಬಹುಭಾಷಾ ಪುಸ್ತಕಗಳ ರೂಢಿ. ಇದರಿಂದ ಬಡ ಮಗುವಿನ ಕೈಗೂ ಬಣ್ಣದ ಪುಸ್ತಕ ಬಂತೆಂಬುದು ದೊಡ್ಡ ಉಪಕಾರ. ಆದರೆ ಕಾಶ್ಮೀರಕ್ಕೂ ಕೇರಳಕ್ಕೂ ಸಲ್ಲಬೇಕಾದ ಚಿತ್ರ ಯಾವ ಊರಿನದೂ ಆಗದೆ ಉಳಿಯುವುದು ಅದರ ಬೆಲೆ.

ಹಾಗಿದ್ದರೂ ಒಂದು ಊರನ್ನು ಅದರ ಹುಲ್ಲುಕಡ್ಡಿಯವರೆಗೆ ನೋಡಿ ಬರೆದ ಚಿತ್ರ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಸಾಕ್ಷಿ. 1866ರಲ್ಲಿ ಹುಟ್ಟಿದ ಈಕೆಗೆ ಅಣಬೆಗಳ ಹುಚ್ಚು. ನೂರಾರು ಅಣಬೆಗಳನ್ನು ಸೂಕ್ಷ್ಮವಾಗಿ ಚಿತ್ರಿಸಿದಳು, ಬೀಜಾಣುಗಳು ಮೊಳೆಯುವ ಬಗೆಯನ್ನು ಕುರಿತು ಪ್ರಬಂಧ ಬರೆದಳು. 1897ರಲ್ಲಿ ಅದು ಲಿನ್ನಿಯನ್ ಸೊಸೈಟಿಯ ಮುಂದೆ ಬಂದಾಗ ಹೆಂಗಸೆಂಬ ಕಾರಣಕ್ಕೆ ಆಕೆಗೇ ಸಭೆಗೆ ಪ್ರವೇಶವಿರಲಿಲ್ಲ. ಕಾಯಿಲೆಯಿಂದ ಮಲಗಿದ್ದ ಮಗುವೊಂದಕ್ಕೆ 1893ರಲ್ಲಿ ಬರೆದ ಚಿತ್ರಪತ್ರವೇ ಬೆಳೆದು 1902ರಲ್ಲಿ ಮೊಲದ ಮರಿಯ ಕಥೆಯಾಗಿ ಪ್ರಕಟವಾಯಿತು. ಆ ಮೊಲ ಅಂಗಿ ತೊಟ್ಟಿದ್ದರೂ ಅದರ ಮೈಕಟ್ಟು, ಕುಳಿತ ಭಂಗಿ, ಸುತ್ತಲ ಗಿಡ ಎಲ್ಲವೂ ಕಣ್ಣಾರೆ ಕಂಡದ್ದು. ಪುಸ್ತಕಗಳ ಹಣದಿಂದ ಆಕೆ 1905ರಲ್ಲಿ ಲೇಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡಿನಲ್ಲಿ ಹೊಲವೊಂದನ್ನು ಕೊಂಡಳು. ಅನಂತರ ಒಂದೊಂದಾಗಿ ಇತರ ಹೊಲಗಳನ್ನು ಕೊಳ್ಳುತ್ತ, ಆ ಗುಡ್ಡಗಳ ಹರ್ಡ್ವಿಕ್ ಎಂಬ ಒರಟು ಉಣ್ಣೆಯ ಕುರಿತಳಿಯನ್ನು ಸಾಕುತ್ತ ಬಂದಳು. 1943ರಲ್ಲಿ ತೀರಿಕೊಂಡಾಗ ಸುಮಾರು 4,000 ಎಕರೆಯನ್ನು, ಕುರಿಗಾಹಿಗಳ ಬದುಕು ಮುಂದುವರಿಯುವಂತೆ, ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಹೋದಳು. ಮಕ್ಕಳ ಚಿತ್ರಪುಸ್ತಕವೊಂದು ಗುಡ್ಡಗಳನ್ನೂ ಕುರಿಗಳನ್ನೂ ಉಳಿಸಿದ ಕಥೆಯಿದು. ಕಂಬಳಿಯ ನಾಡಿನವರು ಇದನ್ನು ಓದಿ ತಮ್ಮ ಕುರಿಹಟ್ಟಿಗಳತ್ತ ಒಮ್ಮೆ ತಿರುಗಿ ನೋಡಬಹುದು.

ಇಂಥದ್ದು ಹಣವಂತರಿಗೆ, ಕಲಾಶಾಲೆಯಲ್ಲಿ ಕಲಿತವರಿಗೆ ಮಾತ್ರ ಸಾಧ್ಯವೆಂದು ಭಾವಿಸಬೇಕಾಗಿಲ್ಲ. ಮಧ್ಯಪ್ರದೇಶದ ಗೊಂಡ ಕಲಾವಿದರಾದ ಭಜ್ಜು ಶ್ಯಾಮ್, ದುರ್ಗಾಬಾಯಿ, ರಾಮ್‌ಸಿಂಗ್ ಉರ್ವೇತಿ ತಮ್ಮ ಮನೆಯ ಗೋಡೆಗಳ ಚಿತ್ರಕಲೆಯನ್ನು ಕಾಗದಕ್ಕೆ ತಂದರು. ರಾತ್ರಿಯ ಹೊತ್ತು ಮರಗಳು ತಮ್ಮ ನಿಜರೂಪ ತೋರುತ್ತವೆಂಬ ನಂಬಿಕೆಯನ್ನು ಕಪ್ಪು ಕಾಗದದ ಮೇಲೆ ಚಿತ್ರಿಸಿದ ಅವರ ಪುಸ್ತಕವನ್ನು ಚೆನ್ನೈನ ತಾರಾ ಬುಕ್ಸ್ 2006ರಲ್ಲಿ ಹೊರತಂದಿತು. 2008ರಲ್ಲಿ ಅದಕ್ಕೆ ಇಟಲಿಯ ಬೊಲೊನ್ಯದಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿ ಸಂದಿತು. ಮಲೆನಾಡಿನಲ್ಲೇ ದೀವರ ಹೆಣ್ಣುಮಕ್ಕಳು ಪುಂಡಿನಾರಿನ ಕುಂಚ ಹಿಡಿದು, ಅಕ್ಕಿಹಿಟ್ಟು ಕೆಮ್ಮಣ್ಣುಗಳಿಂದ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತ ಬಂದಿದ್ದಾರೆ. ಮೊಳಕಾಲ್ಮೂರಿನ ಮಗ್ಗಗಳಲ್ಲಿ ಹಕ್ಕಿ, ಹೂ, ಹಣ್ಣುಗಳು ರೇಷ್ಮೆ ಸೀರೆಯ ಅಂಚಿಗೂ ಸೆರಗಿಗೂ ಇಳಿಯುತ್ತವೆ. ಚೌಕುಳಿ ಕಾಗದದ ಮೇಲೆ ಒಂದೊಂದೇ ಮನೆ ತುಂಬಿ ನವಿಲನ್ನು ಎಬ್ಬಿಸಬಲ್ಲ ನೇಕಾರರಿರುವ ತಾಲ್ಲೂಕಿನಲ್ಲಿ ಚಿತ್ರ ಬರೆಯುವವರಿಲ್ಲವೆಂದು ಹೇಳುವುದು ಹೇಗೆ?

ಕಥೆಗಂತೂ ಬರವೇ ಇಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಹಾಡುಗಳ ಕಣಜವನ್ನು ಎದೆಯಲ್ಲಿಟ್ಟುಕೊಂಡಿದ್ದರು. ಮ್ಯಾಸಬೇಡರ ದೇವರ ಎತ್ತುಗಳನ್ನು ಯಾರೂ ಮಾರುವುದಿಲ್ಲ, ನೊಗಕ್ಕೆ ಹೂಡುವುದಿಲ್ಲ. ಅವುಗಳನ್ನು ಕಾಯುವ ಕಿಲಾರಿಗೆ ಯಾವ ಹುಲ್ಲು ಯಾವ ಮಳೆಗೆ ಚಿಗುರುತ್ತದೆಂಬುದು ಬಾಯಿಪಾಠ. ಇನ್ನು ಬಯಲಿನ ಜೀವಿಗಳ ಕಥೆಗಳು ಯಾವ ಕಟ್ಟುಕಥೆಗೂ ಕಡಿಮೆಯಿಲ್ಲ. ಟಿಟ್ಟಿಭ ಹಕ್ಕಿ ಗೂಡು ಕಟ್ಟದೆ ಬೆಣಚುಕಲ್ಲುಗಳ ನಡುವೆಯೇ ಕಲ್ಲಿನಂತಹ ಮೊಟ್ಟೆಯಿಡುತ್ತದೆ, ಹತ್ತಿರ ಬಂದವರನ್ನು ಕಿರುಚಿ ಬೇರೆಡೆಗೆ ಸೆಳೆಯುತ್ತದೆ. ಪಕ್ಷಿಶಾಸ್ತ್ರಜ್ಞರು ಸ್ಯಾಂಡ್‌ಗ್ರೌಸ್ ಎನ್ನುವ ಮಣ್ಣುಬಣ್ಣದ ಹಕ್ಕಿಯ ಗಂಡು, ದೂರದ ನೀರಿನ ತಾಣಕ್ಕೆ ಹಾರಿ, ಹೊಟ್ಟೆಯ ಗರಿಗಳನ್ನು ಅದ್ದಿ ತೋಯಿಸಿಕೊಂಡು ಮರಳುತ್ತದೆ. ಮರಿಗಳು ಆ ಗರಿಗಳಿಂದ ನೀರು ಹೀರುತ್ತವೆ. ಬಿಂದಿಗೆ ಹೊತ್ತು ದೂರದಿಂದ ನೀರು ತರುವುದನ್ನು ಕಂಡ ಮಗುವಿಗೆ ಈ ಹಕ್ಕಿಯ ಚಿತ್ರಪುಸ್ತಕ ಸಿಕ್ಕಿದರೆ ಅದು ಬೇರೆ ಲೋಕದ ಕಥೆಯೆನಿಸೀತೇ?

ಹಿಂದೆ ಇದಕ್ಕೆಲ್ಲ ಮುದ್ರಣದ ಖರ್ಚು ಅಡ್ಡಿಯಾಗುತ್ತಿತ್ತು. ಈಗ ಆ ನೆಪವೂ ಉಳಿದಿಲ್ಲ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್, 2015ರಲ್ಲಿ ಸ್ಟೋರಿವೀವರ್ ಎಂಬ ಮುಕ್ತ ಭಂಡಾರವನ್ನು ತೆರೆಯಿತು. ಅಲ್ಲಿನ ಚಿತ್ರಗಳನ್ನು, ಚಿತ್ರಕಾರರ ಹೆಸರು ಹೇಳಿ, ಯಾರು ಬೇಕಾದರೂ ಬಳಸಿ ತಮ್ಮದೇ ಕಥೆ ಹೆಣೆಯಬಹುದು. ಕಥೆಗಳನ್ನು ಕನ್ನಡಕ್ಕೆ ತರಬಹುದು, ಮುದ್ರಿಸಿ ಹಂಚಬಹುದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಗಿ ಮಕ್ಕಳಿಗೆ ಅಲ್ಲೊಂದು ಜಾಗ ದೊರೆತಿದೆ. ಒಬ್ಬ ಶಿಕ್ಷಕಿ, ಒಬ್ಬ ಗ್ರಂಥಪಾಲಕ, ಊರಿನ ಒಬ್ಬ ಕುರಿಗಾಹಿ ಒಂದು ಶನಿವಾರ ಮಕ್ಕಳನ್ನು ಗುಡ್ಡದ ಬುಡಕ್ಕೆ ಕರೆದೊಯ್ದರೆ ಪುಸ್ತಕದ ಮೊದಲ ಪುಟ ಸಿದ್ಧವಾದಂತೆಯೇ. ಮಕ್ಕಳು ಅಲ್ಲೇ ಕುಳಿತು ಬರೆಯಲಿ, ಕುರಿಗಾಹಿ ಹೆಸರು ಹೇಳಲಿ, ಶಿಕ್ಷಕಿ ಅಕ್ಷರದಲ್ಲಿ ಹಿಡಿಯಲಿ. ಹೊರಗಿನ ಪುಸ್ತಕಗಳು ಬೇಡವೆಂದಲ್ಲ; ಒಳ್ಳೆಯ ಚಿತ್ರಪುಸ್ತಕವನ್ನು ನಕಲು ಮಾಡಿಸದೆ, ಅದರ ಕಲಾವಿದ ಹೇಗೆ ನೋಡಿದನೆಂಬುದನ್ನು ಮಕ್ಕಳಿಗೆ ತೋರಿಸಬೇಕು. ಪುಸ್ತಕದಿಂದ ಕಲಿಯಬೇಕಾದದ್ದು ನೋಟ. ಗೆರೆಯನ್ನು ಕೊಡಲು ಊರಿದೆ.

ಚಿತ್ರ ಬರೆದರೆ ಕಾವಲು ಮರಳಿ ಬರುವುದೇ ಎಂದು ಕೇಳುವವರಿದ್ದಾರೆ. ಬರುವುದಿಲ್ಲ. ಯಾವ ಚಿತ್ರವೂ ಗೋಡೆಯನ್ನು ಕೆಡವದು. ಅದಕ್ಕೆ ಗ್ರಾಮಸಭೆ, ನ್ಯಾಯಾಲಯ, ಜನಸಂಘಟನೆ ಬೇಕು. ಆದರೆ ಇಪ್ಪತ್ತು ವರ್ಷಗಳ ಅನಂತರ ಗ್ರಾಮಸಭೆಯಲ್ಲಿ ಕೈಯೆತ್ತಬೇಕಾದವರು ಇಂದಿನ ಮೂರನೆಯ ತರಗತಿಯ ಮಕ್ಕಳು. ಅಷ್ಟೇ ಅಲ್ಲ, ಆ ಹೊತ್ತಿಗೆ ಕಡತ ಬರೆಯುವ ಅಧಿಕಾರಿಯೂ ಅವರಲ್ಲೊಬ್ಬನಾಗಿರಬಹುದು. ‘ಇಲ್ಲಿ ಏನೂ ಇಲ್ಲ’ ಎಂಬ ವಾಕ್ಯಕ್ಕೆ ಸಹಿ ಹಾಕುವ ಮುನ್ನ ಆತನ ಕೈ ತಡೆಯಬೇಕಾದರೆ, ಬಾಲ್ಯದಲ್ಲಿ ಆ ನೆಲದ ಒಂದಾದರೂ ಚಿತ್ರ ಅವನ ಕೈಯಿಂದ ಮೂಡಿರಬೇಕು.

ಇದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಶಾಸನವಿದೆ, ಬಿ. ಎಲ್. ರೈಸ್ 1892ರಲ್ಲಿ ಅದನ್ನು ಬೆಳಕಿಗೆ ತಂದರು. ತಂದೆತಾಯಿಯರ ಮಾತು ಕೇಳಬೇಕು, ಜೀವಿಗಳ ಬಗ್ಗೆ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂಬುದು ಅದರ ಸಾರ. ಕೊನೆಯಲ್ಲಿ ಅದನ್ನು ಬರೆದ ಚಪಡನೆಂಬ ಲಿಪಿಕಾರನ ಹೆಸರಿದೆ; ಆತ ತನ್ನ ಕಸುಬಿನ ಹೆಸರನ್ನು ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಎರಡು ಸಾವಿರ ವರ್ಷಗಳ ಹಿಂದೆ ಎಲ್ಲಿಂದಲೋ ಬಂದವನೊಬ್ಬ ಈ ಬಂಡೆಗಳನ್ನು ಬರೆಯಲು ಯೋಗ್ಯವೆಂದು ಬಗೆದ. ಅವುಗಳ ನೆರಳಿನಲ್ಲೇ ಹುಟ್ಟಿದ ಮಕ್ಕಳ ಕೈಗೆ ಈ ವರ್ಷ ಹಸಿರಿನ ಜೊತೆಗೆ ಕಂದು, ಬೂದಿ, ಹೊನ್ನುಬಣ್ಣದ ಕ್ರೇಯಾನುಗಳನ್ನೂ ಕೊಡುವುದು ದೊಡ್ಡವರ ಕೆಲಸ.