ಸಾಕ್ಷಿಯಿಲ್ಲದ ಗಣಿಗೆ ತುಮಕೂರಿನ ಸಾಕ್ಷ್ಯ

ಕನ್ಯಾಕುಮಾರಿಯಿಂದ ತೆಂಕಣಕ್ಕೆ ಬಹುದೂರದಲ್ಲಿ, ಯಾವ ರಾಷ್ಟ್ರದ ಒಡೆತನಕ್ಕೂ ಒಳಪಡದ ಮಧ್ಯ ಹಿಂದೂ ಮಹಾಸಾಗರದ ತಳದಲ್ಲಿ, 75,000 ಚದರ ಕಿಲೋಮೀಟರ್ ವಿಸ್ತಾರದ ಪ್ರದೇಶವೊಂದನ್ನು ಶೋಧಿಸುವ ಹಕ್ಕನ್ನು ಭಾರತವು 2002ರಲ್ಲಿ, ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿರುವ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರದೊಡನೆ ಮಾಡಿಕೊಂಡ ಕರಾರಿನ ಮೂಲಕ ಪಡೆದುಕೊಂಡಿತು. ತುಮಕೂರಿನಂಥ ಏಳು ಜಿಲ್ಲೆಗಳು ಹಿಡಿಸುವಷ್ಟು ನೆಲ ಅದು. ಐದು ಸಾವಿರ ಮೀಟರ್ ನೀರಿನ ಅಡಿಯಲ್ಲಿ, ಸೂರ್ಯನ ಬೆಳಕು ಎಂದೂ ಮುಟ್ಟದ ಆ ಕೆಸರಿನ ಬಯಲಿನ ಮೇಲೆ ಆಲೂಗಡ್ಡೆಗಳನ್ನು ಚೆಲ್ಲಿದಂತೆ ಕರಿಯ ಉಂಡೆಗಳು ಹರಡಿಕೊಂಡಿವೆ; ಅವುಗಳಲ್ಲಿ ಮ್ಯಾಂಗನೀಸು, ನಿಕ್ಕಲ್, ತಾಮ್ರ, ಕೋಬಾಲ್ಟ್ ಲೋಹಗಳಿವೆ. ನಮ್ಮ ‘ಗವೇಷಣಿ’ ನೌಕೆಯು 1981ರಲ್ಲಿ ಇಂಥ ಉಂಡೆಗಳನ್ನು ಮೊದಲ ಬಾರಿಗೆ ಮೇಲೆತ್ತಿದಂದಿನಿಂದ ಮೊಳೆತ ಆಸೆ ಈಗ ಯೋಜನೆಯ ರೂಪವನ್ನು ತಳೆದಿದೆ. 2021ರಲ್ಲಿ ಕೇಂದ್ರ ಸಚಿವ ಸಂಪುಟವು 4,077 ಕೋಟಿ ರೂಪಾಯಿಗಳ ಆಳಸಾಗರ ಯೋಜನೆಗೆ ಒಪ್ಪಿಗೆಯಿತ್ತಿತು. ಮೂವರನ್ನು ಹೊತ್ತು 6,000 ಮೀಟರ್ ಆಳಕ್ಕೆ ಇಳಿಯಬಲ್ಲ ‘ಮತ್ಸ್ಯ 6000’ ಎಂಬ ವಾಹನವು ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯಲ್ಲಿ ಸಿದ್ಧವಾಗುತ್ತಿದೆ.

ಕಡಲಿನ ವಿಚಾರವೆಂದರೆ ಮಂಗಳೂರು, ಮಲ್ಪೆ, ಕಾರವಾರಗಳವರ ವಿಚಾರ, ಬಯಲುಸೀಮೆಯವರಿಗೆ ಅದರಲ್ಲಿ ಮಾತಿಲ್ಲ ಎಂಬ ಎಣಿಕೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಬಂಗುಡೆ, ಬೂತಾಯಿಗಳ ಮಟ್ಟಿಗೆ ಅದು ಸರಿಯಿರಬಹುದು. ಆದರೆ ದಡದಿಂದ ನೂರಾರು ಹರದಾರಿ ಆಚೆಗಿರುವ ತೆರೆದ ಮಹಾಸಾಗರಕ್ಕೆ ಕರಾವಳಿಯವರೆಂಬುವರು ಯಾರೂ ಇಲ್ಲ. ಆದ್ದರಿಂದ ಅದರ ಕುರಿತು ಮಾತನಾಡುವ ಹಕ್ಕಿನಲ್ಲಿ ಮಲ್ಪೆಗೂ ಗುಬ್ಬಿಗೂ ಭೇದವಿಲ್ಲ. ತುಮಕೂರು ಜಿಲ್ಲೆಯವರಿಗಂತೂ ಈ ವಿಷಯದಲ್ಲಿ ಹಕ್ಕಿಗಿಂತ ಹೆಚ್ಚಾಗಿ ಕರ್ತವ್ಯವೇ ಇದೆಯೆಂಬುದು ನನ್ನ ಮತ.

ಮೊದಲು ಸಂಬಂಧದ ಮಾತು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಎರಡು ನದಿಗಳಲ್ಲಿ ಜಯಮಂಗಲಿಯು ಬಡಗಣಕ್ಕೆ ಹರಿದು ಉತ್ತರ ಪಿನಾಕಿನಿಯನ್ನೂ, ಶಿಂಷೆಯು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲು ತಾಲ್ಲೂಕಿನ ಮಾರ್ಕೋನಹಳ್ಳಿಯ ಅಣೆಕಟ್ಟನ್ನು ದಾಟಿ ಕಾವೇರಿಯನ್ನೂ ಸೇರುತ್ತವೆ. ಎರಡರ ಗತಿಯೂ ಕೊನೆಗೆ ಬಂಗಾಳ ಕೊಲ್ಲಿಯೇ. ಮರಳಿ ಬರುವ ನೀರಿನ ಹಾದಿಯೂ ಹಾಗೆಯೇ: ತುಮಕೂರು ನಗರವು ಕುಡಿಯುವ ಹೇಮಾವತಿಯ ನೀರು ಅರಬ್ಬೀ ಸಮುದ್ರದಿಂದೆದ್ದ ಮುಂಗಾರು ಮಲೆನಾಡಿನ ಮೇಲೆ ಸುರಿಸಿದ್ದು, ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವ ಈ ಸೀಮೆಗೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬೀಳುವ ಮಳೆಯ ಬಹುಭಾಗವಾದರೋ ಮೂಡಣ ಸಮುದ್ರದ ವಾಯುಭಾರದ ಏರಿಳಿತಗಳಿಗೆ ಋಣಿಯಾದದ್ದು. ಜೀವಿಗಳೂ ಈ ನಂಟನ್ನು ಬಲ್ಲವು. ಕಾವೇರಿಯ ಹಾವುಮೀನು ವರ್ಷಗಟ್ಟಲೆ ಸಿಹಿನೀರಿನಲ್ಲಿ ಬೆಳೆದು, ಬಾಳಿನಲ್ಲಿ ಒಂದೇ ಸಲ ಮೊಟ್ಟೆಯಿಡಲೆಂದು ಮಹಾಸಾಗರಕ್ಕೆ ಇಳಿದು ಅಲ್ಲಿಯೇ ಸಾಯುತ್ತದೆ. ಎಲೆಯಂತೆ ತೆಳ್ಳಗಿರುವ ಅದರ ಮರಿಗಳು ತೇಲುತ್ತ ಬಂದು ಅಳಿವೆಗಳನ್ನು ಅರಸುತ್ತವೆ. ಮಳೆಗಾಲ ಮುಗಿಯುವ ಹೊತ್ತಿಗೆ ಕೆರೆಯಂಗಳದ ಮೇಲೆ ಹಿಂಡುಹಿಂಡಾಗಿ ಸುಳಿದಾಡುವ, ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಕೀಟಗಳಲ್ಲಿ ಒಂದು ಪ್ರಭೇದವು ದಕ್ಷಿಣ ಭಾರತವನ್ನು ಹಾದು, ಅಕ್ಟೋಬರಿನಲ್ಲಿ ಮಾಲ್ಡೀವ್ಸ್ ದ್ವೀಪಗಳನ್ನು ಮುಟ್ಟಿ, ಅಲ್ಲಿಂದ ಗಾಳಿಯ ಬೆನ್ನೇರಿ ಆಫ್ರಿಕಾದ ಕಡೆಗೆ ಸಾಗುತ್ತದೆಂದು ಚಾರ್ಲ್ಸ್ ಆಂಡರ್ಸನ್ ಎಂಬ ಸಾಗರಜೀವಿ ವಿಜ್ಞಾನಿಯು 2009ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಾದಿಸಿದ್ದಾನೆ.

ಆ ಮಹಾಸಾಗರವು ಎಂಥದು? ನೋಟಕ್ಕೆ ಅದು ಬರಿಯ ನೀಲಿಯ ಶೂನ್ಯ. ದಡವಿಲ್ಲ, ಬಂಡೆಯಿಲ್ಲ, ಬೇರೂರಲು ಮಣ್ಣಿಲ್ಲ. ಸಾರಜನಕ, ರಂಜಕಗಳಂಥ ಪೋಷಕ ದ್ರವ್ಯಗಳ ಮಟ್ಟಿಗೆ ಅದರ ಬಹುಭಾಗ ಮರುಭೂಮಿಯೇ ಸರಿ. ಹೀಗಿದ್ದೂ ಜಗತ್ತಿನ ಮಹಾಸಾಗರಗಳಲ್ಲೆಲ್ಲ ಬೆಳಕು ಇಳಿಯುವ ಮೇಲಿನ ಸುಮಾರು ಇನ್ನೂರು ಮೀಟರ್ ನೀರಿನಲ್ಲಿ, ಕಣ್ಣಿಗೆ ಕಾಣಿಸದಷ್ಟು ಸೂಕ್ಷ್ಮವಾದ ಸಸ್ಯಪ್ಲವಕಗಳು ತೇಲುತ್ತ, ಬಿಸಿಲನ್ನುಂಡು, ಜಗತ್ತಿನ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಹತ್ತಿರಹತ್ತಿರ ಅರ್ಧದಷ್ಟನ್ನು ನಡೆಸುತ್ತವೆ. ಅವುಗಳಲ್ಲಿ ಸಂಖ್ಯಾಬಲದಿಂದ ಅಗ್ರಗಣ್ಯವಾದ ಪ್ರೊಕ್ಲೊರೊಕಾಕಸ್ ಎಂಬ ಏಕಾಣುಜೀವಿಯ ಇರವೇ 1980ರ ದಶಕದ ಕೊನೆಯವರೆಗೆ ಮನುಷ್ಯನಿಗೆ ತಿಳಿದಿರಲಿಲ್ಲವೆಂದರೆ, ನಾವು ಬಲ್ಲೆವೆಂದುಕೊಂಡಿರುವ ಸಾಗರ ಎಷ್ಟು ಅಲ್ಪವೆಂಬುದನ್ನು ಊಹಿಸಬಹುದು.

ಈ ಪ್ಲವಕಗಳನ್ನು ಆಶ್ರಯಿಸಿದ ಜೀವಕೋಟಿಯು ಪ್ರತಿದಿನವೂ ಕೈಗೊಳ್ಳುವ ಯಾತ್ರೆಯೊಂದುಂಟು. ಹಗಲೆಲ್ಲ ನೂರಾರು ಮೀಟರ್ ಆಳದ ಕತ್ತಲಲ್ಲಿ ಅಡಗಿದ್ದ ಸಿಗಡಿಜಾತಿಯ ಕಿರುಜೀವಿಗಳು, ಮೈಮೇಲೆ ಬೆಳಕಿನ ಚುಕ್ಕೆಗಳನ್ನು ಹೊತ್ತ ಪುಟ್ಟ ಮೀನುಗಳು, ಬೊಂಡಾಸಗಳು ಸಂಜೆಯಾಗುತ್ತಲೇ ಮೇಲೇರಿ, ಇರುಳಿಡೀ ಮೇದು, ಬೆಳಗಾಗುವ ಮುನ್ನ ಮತ್ತೆ ಕೆಳಗಿಳಿಯುತ್ತವೆ. ಭೂಮಿಯ ಮೇಲೆ ಪ್ರಾಣಿಗಳು ದಿನನಿತ್ಯ ನಡೆಸುವ ಸಂಚಾರಗಳಲ್ಲೆಲ್ಲ ಇದೇ ದೊಡ್ಡದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜಲಾಂತರ್ಗಾಮಿಗಳನ್ನು ಹುಡುಕಲು ಶಬ್ದತರಂಗಗಳನ್ನು ಬಿಟ್ಟವರಿಗೆ ರಾತ್ರಿ ಮೇಲೇರಿ ಹಗಲು ಕೆಳಗಿಳಿಯುವ ಸುಳ್ಳುತಳವೊಂದು ಗೋಚರಿಸಿತು. ಅದು ಈ ಜೀವಿಗಳ ದಟ್ಟಣೆಯೇ ಆಗಿತ್ತು. ಇವು ಮೇಲೆ ತಿಂದದ್ದನ್ನು ಆಳದಲ್ಲಿ ವಿಸರ್ಜಿಸುವುದರಿಂದಲೂ, ಸತ್ತ ಪ್ಲವಕಗಳು ಸಣ್ಣ ಸಣ್ಣ ಕಣಗಳಾಗಿ ಸದಾ ಕೆಳಗೆ ಉದುರುವುದರಿಂದಲೂ, ಗಾಳಿಯ ಇಂಗಾಲದಲ್ಲಿ ಒಂದಂಶ ತಲೆತಲಾಂತರಗಳವರೆಗೆ ಆಳದಲ್ಲಿ ಬಂಧಿಯಾಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ನದಿಗಳು ತರುವ ಜೇಡಿಯ ಕಣಗಳು ಆ ಉದುರಿಗೆ ಅಂಟಿಕೊಂಡು, ಭಾರವನ್ನು ಹೆಚ್ಚಿಸಿ, ಬೇಗ ತಳಕ್ಕೆ ಇಳಿಸುತ್ತವೆ. ಒಳನಾಡಿನ ಮಣ್ಣಿಗೂ ಈ ಮಹಾಕಾರ್ಯದಲ್ಲಿ ಪಾಲಿದೆ. ಅರಬ್ಬೀ ಸಮುದ್ರದಲ್ಲಿ ಸುಮಾರು 150 ಮೀಟರಿನಿಂದ ಸಾವಿರ ಮೀಟರ್ ಆಚೆಯವರೆಗೆ ಆಮ್ಲಜನಕವು ಬಹುಮಟ್ಟಿಗೆ ಇಲ್ಲದ ದಪ್ಪ ಪದರವೊಂದಿದೆ. ಅಲ್ಲಿಯೂ ಬದುಕುವ ಜೀವಿಗಳುಂಟಾದರೂ, ಅವುಗಳ ಸಮತೋಲ ಅತಿ ಸೂಕ್ಷ್ಮವಾದದ್ದು.

ಇಂಥ ಲೋಕದ ತಳವನ್ನು ಕೆರೆದು, ಉಂಡೆಗಳನ್ನು ಮೇಲಕ್ಕೆ ಹೀರಿ, ತೊಳೆದ ಕೆಸರುನೀರನ್ನು ಮತ್ತೆ ಕಡಲಿಗೇ ಬಿಡುವುದು ಈ ಗಣಿಗಾರಿಕೆಯ ಕ್ರಮ. ಹಾಗೆ ಬಿಟ್ಟ ಕೆಸರಿನ ಮೋಡವು ನಡುನೀರಿನಲ್ಲಿ ಹರಡಿದರೆ, ಉದುರುವ ಕಣಗಳನ್ನು ಸೋಸಿ ಉಣ್ಣುವ ಪ್ರಾಣಿಗಳಿಗೆ ಆಹಾರದೊಡನೆ ಮಣ್ಣೂ ಸೇರಿ ಬರುತ್ತದೆ. ತಳದಲ್ಲಾದರೋ, ಆ ಉಂಡೆಗಳು ಲೋಹವಷ್ಟೇ ಅಲ್ಲ. ಮೆತ್ತನೆಯ ಕೆಸರಿನ ಬಯಲಿನಲ್ಲಿ ಸ್ಪಂಜುಗಳಿಗೂ ಹವಳಜಾತಿಯ ಜೀವಿಗಳಿಗೂ ಕಚ್ಚಿಕೊಳ್ಳಲು ಇರುವ ಗಟ್ಟಿ ನೆಲೆ ಅವೇ. ಹತ್ತು ಲಕ್ಷ ವರ್ಷಗಳಿಗೆ ಕೆಲವೇ ಮಿಲಿಮೀಟರುಗಳಷ್ಟು ಬೆಳೆಯುವ ಅವನ್ನು ಒಮ್ಮೆ ತೆಗೆದರೆ, ಮನುಷ್ಯಕುಲದ ಆಯುಷ್ಯದಲ್ಲಿ ಮತ್ತೆ ಬೆಳೆಯುವ ಮಾತಿಲ್ಲ. ಪೆಸಿಫಿಕ್ ಸಾಗರದ ಇಂಥದೇ ಒಂದು ವಲಯದಲ್ಲಿ ಇರಬಹುದೆಂದು 2023ರಲ್ಲಿ ಅಂದಾಜು ಮಾಡಲಾದ ಐದು ಸಾವಿರಕ್ಕೂ ಮಿಕ್ಕ ಪ್ರಭೇದಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟಕ್ಕೆ ಇನ್ನೂ ಹೆಸರನ್ನೇ ಇಟ್ಟಿಲ್ಲ. ಪೆರು ದೇಶದ ಆಚೆಯ ಕಡಲಿನಲ್ಲಿ 1989ರಲ್ಲಿ ಪರೀಕ್ಷಾರ್ಥವಾಗಿ ಉತ್ತ ತಳದ ಗೆರೆಗಳು, 2015ರಲ್ಲಿ ವಿಜ್ಞಾನಿಗಳು ಹೋಗಿ ನೋಡಿದಾಗ, ಹಾಗೆಯೇ ಉಳಿದಿದ್ದವು. ನಮ್ಮ ವಿಜ್ಞಾನಿಗಳೂ 1997ರಲ್ಲಿ ಮಧ್ಯ ಹಿಂದೂ ಮಹಾಸಾಗರದ ತಳವನ್ನು ಬೇಕೆಂದೇ ಕಲಕಿ, ಪರಿಣಾಮವನ್ನು ವರ್ಷಗಟ್ಟಲೆ ಪರಿಶೀಲಿಸಿದ್ದಾರೆ. ಆದರೆ ಪರೀಕ್ಷೆಗಾಗಿ ಕಲಕಿದ ತುಂಡುನೆಲವೆಲ್ಲಿ, ಜಿಲ್ಲೆಗಳ ಲೆಕ್ಕದಲ್ಲಿ ಅಳೆಯಬೇಕಾದ ಗಣಿಯೆಲ್ಲಿ!

ಈಗ ಅನುಭವದ ಮಾತು. ಮ್ಯಾಂಗನೀಸು ಮತ್ತು ಕಬ್ಬಿಣದ ಅದಿರಿಗಾಗಿ ನೆಲವನ್ನು ಅಗೆಯುವುದೆಂದರೇನು ಎಂಬುದನ್ನು ಚಿಕ್ಕನಾಯಕನಹಳ್ಳಿ, ಗುಬ್ಬಿ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೆಂಗಿನ ಗರಿಗಳ ಮೇಲೆ ಕುಳಿತ ಕೆಂಧೂಳನ್ನು, ಹಗಲಿರುಳೂ ಸಾಗಿದ ಅದಿರಿನ ಲಾರಿಗಳನ್ನು, ಬೋಳಾದ ಗುಡ್ಡಗಳಿಂದ ಮಳೆಯೊಡನೆ ಕೊಚ್ಚಿಬರುವ ಹೂಳನ್ನು ಕಂಡವರು ಅವರು. ಸರ್ವೋಚ್ಚ ನ್ಯಾಯಾಲಯವು 2011ರ ಜುಲೈಯಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿ, ಆಗಸ್ಟಿನಲ್ಲಿ ಆ ಆಜ್ಞೆಯನ್ನು ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ವಿಸ್ತರಿಸಿತು. ಅನಂತರ ಗಣಿಗಳು ಮತ್ತೆ ತೆರೆಯಬೇಕಾದರೆ ಕೆಟ್ಟ ನೆಲವನ್ನು ಪುನಃ ಸರಿಪಡಿಸುವ ಯೋಜನೆಯನ್ನು ಜಾರಿಗೆ ತರಬೇಕೆಂಬ ನಿಬಂಧನೆಯನ್ನು ವಿಧಿಸಿತು. ಆ ತೀರ್ಪಿನ ಹಿಂದೆ ಸಾಕ್ಷಿಗಳಿದ್ದವು. ಧೂಳು ಕುಡಿದ ಹಳ್ಳಿಗರಿದ್ದರು, ದೂರು ಕೊಟ್ಟವರಿದ್ದರು, ಗಡಿಕಲ್ಲುಗಳನ್ನು ಅಳೆದುನೋಡಿದ ಅಧಿಕಾರಿಗಳಿದ್ದರು, ಲೋಕಾಯುಕ್ತರ ವರದಿಯಿತ್ತು. ಕಣ್ಣಮುಂದೆ ನಡೆಯುತ್ತಿದ್ದ ಅನ್ಯಾಯವೇ ನ್ಯಾಯಪೀಠದ ಮುಂದೆ ಬರಲು ಅಷ್ಟು ಕಾಲ ಹಿಡಿಯಿತೆಂದಾದರೆ, ಹಳ್ಳಿಯೂ ಇಲ್ಲದ, ಗಡಿಕಲ್ಲೂ ಇಲ್ಲದ, ದೂರು ಕೊಡುವ ನಾಲಗೆಯೂ ಇಲ್ಲದ ಸಾಗರತಳದಲ್ಲಿ ನಡೆಯುವುದನ್ನು ನಿಲ್ಲಿಸುವವರು ಯಾರು?

ಸಾಗರತಳದ ಗಣಿಯ ಪರವಾದ ವಾದವೂ ಹಗುರವಾದದ್ದಲ್ಲ. ವಿದ್ಯುತ್ ವಾಹನಗಳ ಬ್ಯಾಟರಿಗಳಿಗೆ ಕೋಬಾಲ್ಟ್, ನಿಕ್ಕಲ್ ಬೇಕು. ಅವುಗಳಿಗಾಗಿ ಅನ್ಯರಾಷ್ಟ್ರಗಳ ಬಾಗಿಲಲ್ಲಿ ನಿಲ್ಲುವುದು ಸ್ವಾಭಿಮಾನಿಯಾದ ದೇಶಕ್ಕೆ ಶೋಭೆಯಲ್ಲ. ಕಡಲಿನಿಂದ ತೆಗೆದರೆ ಗುಡ್ಡಗಳಾದರೂ ಉಳಿಯುತ್ತವೆ ಎಂಬುದು ಆ ವಾದ. ಆದರೆ ಕಡಲಿನ ಗಣಿ ತೆರೆದೊಡನೆ ನೆಲದ ಗಣಿ ಮುಚ್ಚುತ್ತದೆಂಬ ಭರವಸೆಯನ್ನು ಯಾರೂ ಕೊಟ್ಟಿಲ್ಲ, ಕೊಡಲೂ ಆರರು. ಎರಡೂ ಜೊತೆಜೊತೆಯಾಗಿ ನಡೆಯುವುದೇ ಲೋಕರೂಢಿ. ಕೆಟ್ಟ ಗುಡ್ಡದ ಮೇಲೆ ಸಸಿಯನ್ನಾದರೂ ನೆಡಬಹುದು. ಐದು ಸಾವಿರ ಮೀಟರ್ ಕೆಳಗೆ ನೆಡುವುದಕ್ಕೆ ಏನೂ ಇಲ್ಲ. ಶೋಧವನ್ನು ನಿಲ್ಲಿಸೆಂದು ನಾನು ಹೇಳುವವನಲ್ಲ. ಆಳಕ್ಕೆ ಇಳಿಯಬಲ್ಲ ವಾಹನವು ಮೊದಲು ಜೀವಗಣತಿಯನ್ನು ಮಾಡಲಿ, ಅದಿರಿನ ಗಣತಿ ಆಮೇಲೆ ನಡೆಯಲಿ ಎಂಬುದಷ್ಟೇ ನನ್ನ ವಾದ.

ಮೂವತ್ತಕ್ಕೂ ಹೆಚ್ಚು ರಾಷ್ಟ್ರಗಳು ಸಾಗರತಳದ ಗಣಿಗಾರಿಕೆಯನ್ನು ಸದ್ಯಕ್ಕೆ ತಡೆಹಿಡಿಯಬೇಕೆಂದು ಕೇಳಿವೆ. ಆ ಪಂಕ್ತಿಯಲ್ಲಿ ಭಾರತವಿಲ್ಲ. ಇತ್ತ, ಯಾರ ಒಡೆತನಕ್ಕೂ ಸೇರದ ಕಡಲಿನ ಜೀವವೈವಿಧ್ಯವನ್ನು ಕಾಪಾಡುವ ಸಲುವಾಗಿ ವಿಶ್ವಸಂಸ್ಥೆಯು 2023ರ ಜೂನಿನಲ್ಲಿ ಅಂಗೀಕರಿಸಿದ ಒಪ್ಪಂದಕ್ಕೆ ಭಾರತವು 2024ರ ಸೆಪ್ಟೆಂಬರಿನಲ್ಲಿ ಸಹಿ ಹಾಕಿದೆ. ಒಂದು ಕೈಯಲ್ಲಿ ರಕ್ಷಣೆಯ ಒಪ್ಪಂದವನ್ನೂ ಇನ್ನೊಂದು ಕೈಯಲ್ಲಿ ಗಣಿಯ ನಕ್ಷೆಯನ್ನೂ ಹಿಡಿದ ದೇಶವು ಯಾವುದನ್ನು ಮೊದಲು ಬಿಚ್ಚುತ್ತದೆಂದು ಕೇಳುವ ಹೊಣೆ ಪ್ರಜೆಗಳದು. ನಮಗೆ ಶೋಧದ ಹಕ್ಕು ದೊರೆತ ಆ ಪ್ರದೇಶದ ಜೀವಿಗಳ ಕುರಿತು ಈವರೆಗೆ ನಡೆದ ಅಧ್ಯಯನಗಳ ಸಾರವನ್ನು ಸರ್ಕಾರವು ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಪ್ರಕಟಿಸಬೇಕು. ವಾಣಿಜ್ಯ ಗಣಿಗೆ ಒಪ್ಪಿಗೆ ಕೇಳುವ ಮುನ್ನ ಸಂಸತ್ತಿನಲ್ಲಿ ಚರ್ಚೆ ನಡೆಯಬೇಕು. ಗಣಿಯಿಂದ ನೊಂದ ಜಿಲ್ಲೆಗಳವರ ಅನುಭವವನ್ನು ಆ ಚರ್ಚೆಗೆ ಸಾಕ್ಷ್ಯವಾಗಿ ಕರೆಯಬೇಕು. ತುಮಕೂರಿನಿಂದ ಲೋಕಸಭೆಗೆ ಹೋಗುವವರನ್ನು ಹೇಮಾವತಿಯ ನಾಲೆಯ ಬಗೆಗೂ ಕೊಬ್ಬರಿಯ ಬೆಲೆಯ ಬಗೆಗೂ ಪ್ರಶ್ನಿಸುವ ಮತದಾರರು, ಗುಬ್ಬಿಯಲ್ಲಿರಲಿ ಚಿಕ್ಕನಾಯಕನಹಳ್ಳಿಯಲ್ಲಿರಲಿ, ಇದೊಂದು ಪ್ರಶ್ನೆಯನ್ನೂ ಅದರ ಜೊತೆಗೆ ಸೇರಿಸಿ ಉತ್ತರವನ್ನು ಬರಹದಲ್ಲಿ ಪಡೆಯುವುದು ಉಚಿತ.